ಚಹಾ ಕೊಡುವವನೂ ನಾನೇ, ಕುಡಿಯುವವನೂ ನಾನೇ

ನನ್ನ ಖೋಲಿಯಲ್ಲಿ ನನ್ನ ಜೊತೆ ಇನ್ನೊಬ್ಬರು ವಾಸವಾಗಿದ್ದಾರೆ ಎಂಬ ಸುದ್ದಿ ನನಗೆ ತಿಳಿದದ್ದು ಡೋಣಿಯ ಮಲ್ಲಪ್ಪನಿಂದ.

ಬೆಟಗೇರಿಯ ಹಳೇ ವಾಡೆಯ ಮೂಲೆಯಲ್ಲಿರುವ ಖೋಲಿ ಅದು. ಒಂದು ಬಾಗಿಲು, ಒಂದು ಕಿಟಕಿ, ಅಂಗಿ ತೂಗುಹಾಕಲು ಗೋಡೆಗೆ ಗೂಟ. ನಾನು ಕಾಲು ಚಾಚಿದರೆ ಟ್ರಂಕಿಗೆ ತಾಗುತ್ತದೆ. ಅಲ್ಲಿ ಇನ್ನೊಬ್ಬ ಮನುಷ್ಯ ಇದ್ದರೆ ನನಗೆ ಗೊತ್ತಾಗದೆ ಇರುತ್ತದೆಯೇ?

ಡೋಣಿ ನನ್ನ ಅಕ್ಕನ ಗಂಡನ ಊರು, ಮಲ್ಲಪ್ಪ ಅಲ್ಲಿಯವನು. ಮೆಣಸಿನಕಾಯಿ ಹೇರಿಕೊಂಡು ವಾರ ವಾರ ಗದಗಿನ ಪ್ಯಾಟಿಗೆ ಬರುತ್ತಾನೆ. ಅಕ್ಕನಿಗೂ ನನಗೂ ನಡುವೆ ಅವನೇ ಅಂಚೆ, ಅವನೇ ತಂತಿ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬಂದವನು ನನ್ನ ಮುಂದೆ ಎರಡು ಗಂಟು ಇಟ್ಟ.

"ಇದು ನಿಮಗರೀ. ಇದು ನಿಮ್ಮ ಜೋಡಿ ಇರೋ ಸಾಹೇಬರಿಗೆ."

"ಯಾವ ಸಾಹೇಬರೋ ಮಾರಾಯಾ?"

"ಅವರ ರೀ, ಫೋಟೋದಾಗ ಅದಾರಲ್ಲ, ಮೀಸಿ ಬಿಟ್ಟವರು. ನಿಮಗ ಚಹಾ ಕೊಡಾಕ ಹತ್ಯಾರಲ್ಲ, ಅವರಿಗೆ."

ನನಗೆ ಬಂದ ನಗು ನೋಡಬೇಕಿತ್ತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮಲ್ಲಪ್ಪ ಹೆದರಿ, "ಯಾಕರೀ, ಆರಾಮ ಅದೀರಿಲ್ಲೋ?" ಅಂದ.

ಆ ನಗುವಿಗೆ ಕಾರಣ ಗೊತ್ತಾಗಬೇಕಾದರೆ ನೀವು ನಮ್ಮ ವಿರೂಪಾಕ್ಷಪ್ಪನ ಸ್ಟುಡಿಯೋ ನೋಡಬೇಕು. ಸ್ಟೇಷನ್ ರಸ್ತೆಯಲ್ಲಿದೆ. ಮನುಷ್ಯ ಮೊದಲು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ. ಕಂಪನಿ ಮುಳುಗಿತು, ಪರದೆಗಳು ಉಳಿದವು. ಅವನ್ನೆಲ್ಲ ಗೋಡೆಗೆ ತೂಗುಹಾಕಿ, ಒಂದು ಕ್ಯಾಮೆರಾ ತಂದು ಸ್ಟುಡಿಯೋ ಅಂದ. ಇವತ್ತು ಬಿಂಕದಕಟ್ಟಿಯ ರೈತರು ಅಲ್ಲಿ ವಿಮಾನದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ (ರಟ್ಟಿನ ವಿಮಾನ, ರೆಕ್ಕೆ ಒಂದೇ, ಇನ್ನೊಂದು ಫೋಟೋದಲ್ಲಿ ಬರುವುದಿಲ್ಲವಾದ್ದರಿಂದ ಮಾಡಿಲ್ಲ). ಹೊಸ ಮದುಮಕ್ಕಳು ಚಂದ್ರನ ಮೇಲೆ ಕೂರುತ್ತಾರೆ. ನಾಡು ಒಂದಾದ ನವೆಂಬರಿನಲ್ಲಂತೂ ಅವನು ಕರ್ನಾಟಕದ ದೊಡ್ಡ ನಕಾಶೆ ಬರೆದು, ನಮ್ಮ ಗದಗು ಇರುವ ಜಾಗದಲ್ಲಿ ಒಂದು ತೂತು ಕೊರೆದಿದ್ದ. ತೂತಿನಲ್ಲಿ ಮುಖ ತೂರಿಸಿ ನಿಲ್ಲುವುದು, ಫೋಟೋ ತೆಗೆಸಿಕೊಳ್ಳುವುದು. ಜನ ಸಾಲುಗಟ್ಟಿ ನಿಂತಿದ್ದರು. ಇಡೀ ರಾಜ್ಯದ ನಡುವೆ ನಮ್ಮೂರ ಅಡತಿ ವ್ಯಾಪಾರಿಗಳ ಮುಖ! (ರಾಜ್ಯದ ಹೆಸರು ಇನ್ನೂ ಮೈಸೂರು ಅಂತಲೇ ಇದೆ, ಅದು ಬೇರೆ ಮಾತು.)

ಅವತ್ತು ನಾನು ಆ ಸಾಲಿನಲ್ಲಿ ಇರಲಿಲ್ಲ. ದತ್ತೋಪಂತರ ಸಾಮಾನು ಕಟ್ಟುತ್ತಿದ್ದೆ.

ದತ್ತೋಪಂತರು ಮತ್ತು ನಾನು ಲಕ್ಷ್ಮೇಶ್ವರದ ಸಂಸ್ಥಾನದ ಕಚೇರಿಯಲ್ಲಿ ಜೊತೆಗಿದ್ದವರು. ಸಂಸ್ಥಾನ ವಿಲೀನವಾದ ಮೇಲೆ ನಮ್ಮನ್ನೂ ನಮ್ಮ ಟೇಬಲ್ಲುಗಳನ್ನೂ ಎತ್ತಿ ಗದಗಿನ ಕಚೇರಿಗೆ ಹಾಕಿದರು. ವಾಡೆಯಲ್ಲಿ ನನ್ನದು ಮೂಲೆಯ ಖೋಲಿ, ಅವರದು ಪಕ್ಕದ ಎರಡು ಖೋಲಿ. ಅವರ ಹೆಂಡತಿ ಸುಶೀಲಾಬಾಯಿ ಸಂಜೆ ಗೋಡೆಗೆ ಎರಡು ಸಲ ಬಡಿದರೆ ಚಹಾ ಆಗಿದೆ ಅಂತ ಅರ್ಥ. ಅವರ ಊರು ಮಿರಜ. ಹೊಸ ಗಡಿಯಲ್ಲಿ ಮಿರಜ ಆಚೆ ರಾಜ್ಯಕ್ಕೆ ಹೋಯಿತು. ದತ್ತೋಪಂತರು ನೌಕರಿ ಅತ್ತ ಕಡೆಯೇ ಬೇಕೆಂದು ಬರೆದುಕೊಟ್ಟರು, ಹೋದರು. ಏಕೀಕರಣ ಬೇಡವಾಗಿತ್ತೇ ನನಗೆ? ಛೇ, ಬಾವುಟ ಹಿಡಿದು ಗಂಟಲು ಹರಿಯುವಂತೆ ಕೂಗಿದವನು ನಾನು. ಆದರೆ ಪಕ್ಕದ ಖೋಲಿ ಖಾಲಿಯಾಗುತ್ತದೆ ಅಂತ ಕೂಗುವಾಗ ಯಾರಿಗೆ ಹೊಳೆಯುತ್ತದೆ?

(ನಾನು ಯಾಕೆ ಮದುವೆ ಆಗಲಿಲ್ಲ ಅಂತ ಕೇಳಬೇಡಿ. ಅದಕ್ಕೆ ಈ ವಾರದ ಅಂಕಣ ಸಾಲದು, ಸಂಪಾದಕರು ಇಡೀ ಪತ್ರಿಕೆ ಬಿಟ್ಟುಕೊಡಬೇಕಾಗುತ್ತದೆ.)

ಅಕ್ಕನಿಗೆ ಚಿಂತೆ ಹತ್ತಿದ್ದು ಆಗ. "ಮಗ್ಗಲ ಮನಿ ಖಾಲಿ ಆತು, ಒಬ್ಬನ ಹೆಂಗ ಇರತಿ? ಉಂಡೇನು, ಬಿಟ್ಟೇನು, ಯಾರು ಕೇಳವರು? ಒಂದು ಫೋಟೋನರ ಕಳಸು, ಮಾರಿ ನೋಡತೇನಿ" ಅಂತ ಹೇಳಿ ಕಳಿಸಿದಳು. ಅದಕ್ಕೆ ವಿರೂಪಾಕ್ಷಪ್ಪನ ಹತ್ತಿರ ಹೋದೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕರಿ ಬಟ್ಟೆಯೊಳಗೆ ತಲೆ ಹಾಕಿದವನು ಹಾಗೇ ಹೊರಗೆ ಬಂದ.

"ಸರ, ಸಿಟ್ಟಾಗಬ್ಯಾಡ್ರಿ. ಒಬ್ಬರ ಕುಂತ್ರ ಭಾಳ ಸಪ್ಪಗ ಕಾಣಸ್ತೀರಿ. ಇಬ್ಬರನ್ನ ಮಾಡಲೇನು?"

"ಇನ್ನೊಬ್ಬನ್ನ ಎಲ್ಲಿಂದ ತರೂಣು?"

"ನೀವ ಅದೀರಲ್ಲ!"

ಲೆನ್ಸಿನ ಅರ್ಧಕ್ಕೆ ಕರಿ ರಟ್ಟು ಮುಚ್ಚಿ ಈ ಕಡೆ ನನ್ನನ್ನು ಒಮ್ಮೆ ತೆಗೆಯುವುದು. ಆಮೇಲೆ ಅದೇ ಪ್ಲೇಟಿಗೆ, ಇನ್ನರ್ಧ ಮುಚ್ಚಿ, ಆ ಕಡೆ ನನ್ನನ್ನು ಇನ್ನೊಮ್ಮೆ ತೆಗೆಯುವುದು. ಒಂದೇ ಫೋಟೋದಲ್ಲಿ ಇಬ್ಬರು ನಾನು. ಬೇರೆಯವರಿಗೆ ಇಷ್ಟು ಸಾಕು. ವಿರೂಪಾಕ್ಷಪ್ಪನಿಗೆ ಸಾಲದು. ನಾಟಕದ ಪೆಟ್ಟಿಗೆ ತೆರೆದು ನನಗೆ ರುಮಾಲು ಸುತ್ತಿದ, ಕರಿ ಕೋಟು ತೊಡಿಸಿದ, ದಪ್ಪ ಮೀಸೆ ಅಂಟಿಸಿದ, ಕನ್ನಡಕ ಕಿತ್ತುಕೊಂಡ. ಕೈಗೆ ಚಹಾದ ಕಪ್ಪು-ಬಸಿ ಕೊಟ್ಟ.

"ಕಪ್ಪ ಮುಂದ ಹಿಡೀರಿ. ಆದ್ರ ನಡಬರಕ ಗೆರಿ ಐತಿ, ದಾಟಬ್ಯಾಡ್ರಿ. ದಾಟಿದ್ರ ಕೈ ಮಾಯ ಆಕ್ಕೈತಿ. ಆ ಖಾಲಿ ಕುರ್ಚಿ ನೋಡ್ರಿ, ನಗರಿ. ಅಲ್ಲೆ ಯಾರೋ ಕುಂತಾರ, ಭಾಳ ಬೇಕಾದವರು ಅಂತ ತಿಳೀರಿ."

ತಿಳಿಯುವುದು ಕಷ್ಟವಾಗಲಿಲ್ಲ. ದತ್ತೋಪಂತರು ಹೋದ ಮೇಲೆ ಸಂಜೆ ಹೊತ್ತು ಗೋಡೆಯ ಜೊತೆ ಮಾತಾಡಿ ರೂಢಿಯಾಗಿತ್ತು.

ಫೋಟೋ ಬಂತು. ಆಹಾ! ಎಡಕ್ಕೆ ರುಮಾಲಿನ ದೊಡ್ಡ ಮನುಷ್ಯ ನಗುತ್ತ ಚಹಾ ಕೊಡುತ್ತಿದ್ದಾನೆ. ಬಲಕ್ಕೆ ಬರಿದಲೆಯ, ಕನ್ನಡಕದ ನಾನು ಸಂಕೋಚದಿಂದ ಕೈ ಚಾಚಿದ್ದೇನೆ. ವಿರೂಪಾಕ್ಷಪ್ಪ ಪೆನ್ಸಿಲು ಹಿಡಿದು ಅವನ ಮೂಗನ್ನು ನನ್ನದಕ್ಕಿಂತ ಚೂಪು ಮಾಡಿದ್ದ. ಅಕ್ಕ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗಲಿ ಅಂತ ಮಲ್ಲಪ್ಪನ ಕೈಯಲ್ಲಿ ಕಳಿಸಿದೆ. ಏನೂ ಹೇಳಿ ಕಳಿಸಲಿಲ್ಲ. ಹೇಳಿದರೆ ಮಜಾ ಏನು ಬಂತು?

ಅಕ್ಕ ನಗಲಿಲ್ಲ. ಎರಡನೇ ಗಂಟು ಕಳಿಸಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದು ಪ್ರಶ್ನೆ: ಅವರಿಗೆ ಖಾರ ನಡೆಯುತ್ತದೋ ಇಲ್ಲವೋ?

ಮಲ್ಲಪ್ಪನಿಗೆ ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವನು, "ಏನ ಅನ್ರಿ, ಅಕ್ಕಾರು ಈಗ ನಿಶ್ಚಿಂತಿ ಆಗ್ಯಾರ ನೋಡ್ರಿ. ನನ್ನ ತಮ್ಮಗ ಜೋಡಿ ಸಿಕ್ತು, ಇನ್ನ ಕಣ್ತುಂಬ ನಿದ್ದಿ ಮಾಡತೇನಿ ಅಂದ್ರು" ಅಂದ. ತೆರೆದ ಬಾಯಿ ಮುಚ್ಚಿಕೊಂಡೆ. ಹೆಸರು ಕೇಳಿದ. ಭೀಮಣ್ಣ ಅಂದೆ. ಎಲ್ಲಿದ್ದಾರೆ ಅಂದ. ಡ್ಯೂಟಿಗೆ ಹೋಗಿದ್ದಾರೆ ಅಂದೆ.

ಅಂದಿನಿಂದ ಭೀಮಣ್ಣ ಡ್ಯೂಟಿಯಲ್ಲೇ ಇದ್ದಾರೆ. ಅವರ ರೊಟ್ಟಿ ನಾನು ತಿನ್ನುತ್ತೇನೆ. ಕಚೇರಿಯಲ್ಲಿ, "ಏನ್ರೀ, ಹೊಟ್ಟಿ ಮುಂದ ಬಂತಲ್ಲ?" ಅಂತ ಚೇಷ್ಟೆ ಬೇರೆ.

ಮೊದಮೊದಲು ಖುಷಿಯೇ ಆಯಿತು ಅನ್ನಿ. ಮಲ್ಲಪ್ಪ ಬಂದಾಗ ಭೀಮಣ್ಣನ ಸುದ್ದಿ ಹೇಳುವುದು. ಭೀಮಣ್ಣಗೆ ನೆಗಡಿ, ಭೀಮಣ್ಣಗೆ ಬದನೆಕಾಯಿ ಆಗುವುದಿಲ್ಲ, ಭೀಮಣ್ಣ ಗೊರಕೆ ಹೊಡೆಯುತ್ತಾರೆ. ಹೇಳುತ್ತ ಹೇಳುತ್ತ ನನಗೇ ಅವರ ಮೇಲೆ ಸಿಟ್ಟು ಬರುತ್ತಿತ್ತು, ಗೊರಕೆಗೆ. ಮಲ್ಲಪ್ಪ ಹೋದ ಮೇಲೆ ಖೋಲಿ ಮೊದಲಿಗಿಂತ ಖಾಲಿ ಕಾಣುತ್ತಿತ್ತು.

ಹೋಳಿ ಹುಣ್ಣಿಮೆಯ ಮುಂದೆ ನನಗೆ ಮೈ ಸುಡುವ ಜ್ವರ. ಎದ್ದು ನೀರು ಕುಡಿಯಲಿಕ್ಕೂ ಆಗದೆ ಬಿದ್ದುಕೊಂಡಿದ್ದೆ. ಹಾಲಿನವಳು ಹೊಸ್ತಿಲಲ್ಲಿ ಚರಿಗೆ ಇಟ್ಟು ಹೋದರೆ ಹಾಲು ಅಲ್ಲೇ ಒಡೆಯುತ್ತಿತ್ತು. ಮಲ್ಲಪ್ಪ ಬಂದು ನೋಡಿ ಗಾಬರಿಯಾದ. "ಅಕ್ಕಗ ಬರಬ್ಯಾಡ ಅನ್ನು. ಭೀಮಣ್ಣ ಅದಾರ, ಗಂಜಿ ಕಾಸಿ ಕೊಡತಾರ ಅನ್ನು" ಅಂತ ಹೇಳಿ ಕಳಿಸಿದೆ. ಆದರೆ ಖರೇ ಹೇಳುತ್ತೇನೆ, ಆ ದಿನಗಳಲ್ಲಿ ಹೊರಗೆ ಚಕ್ಕಡಿಯ ಸಪ್ಪಳ ಕೇಳಿದಾಗಲೆಲ್ಲ ಅಕ್ಕ ಬಂದಳೇನೋ ಅಂತ ಬಾಗಿಲ ಕಡೆ ನೋಡುತ್ತಿದ್ದೆ. ಬರಬೇಡ ಅಂದವನೂ ನಾನೇ!

ಆಯಿತಪ್ಪ, ಇಷ್ಟಾದರೆ ನನ್ನೊಬ್ಬನ ಪಾಡು. ಹಾಗೇ ನಡೆಯುತ್ತಿತ್ತೋ ಏನೋ. ಆದರೆ ಶ್ರಾವಣ ಬಂತು, ಪಂಚಮಿ ಬಂತು.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಅಪ್ಪ ಅವ್ವ ಹೋದ ಮೇಲೆ ಮುಂಡರಗಿಯ ನಮ್ಮ ಮನೆ ದಾಯಾದಿಗಳ ಪಾಲಾಗಿದೆ. ಹಾಗಾಗಿ ಅಕ್ಕನಿಗೆ ತವರು ಅಂದರೆ ನನ್ನ ಈ ಖೋಲಿಯೇ. ಪ್ರತಿ ವರ್ಷ ಬಂದು ಇದೇ ಖೋಲಿಯಲ್ಲಿ ಉಂಡಿ ಕಟ್ಟುತ್ತಿದ್ದಳು. ವಾಡೆಯ ಬೇವಿನಗಿಡಕ್ಕೆ ಜೋಕಾಲಿ ಕಟ್ಟಿಸಿ, ಆ ವಯಸ್ಸಿನಲ್ಲೂ ಸೀರೆಗೆ ಕಚ್ಚೆ ಹಾಕಿ ಜೀಕುತ್ತಿದ್ದಳು. ಗಂಡನ ಮನೆಯಲ್ಲಿ ಹತ್ತು ಜನಕ್ಕೆ ಬಡಿಸುವ ಹೆಂಗಸು ಇಲ್ಲಿ ಕೂತು ತಾನು ಬಡಿಸಿಕೊಳ್ಳುತ್ತಿದ್ದಳು, ನನ್ನ ಕೈಯಲ್ಲಿ.

ಈ ಸಲ ಕರೆಯಲು ಯಾವಾಗ ಬರಲಿ ಅಂತ ಹೇಳಿ ಕಳಿಸಿದೆ. ಮಲ್ಲಪ್ಪ ಮುಖ ಸಣ್ಣದು ಮಾಡಿಕೊಂಡು ಉತ್ತರ ತಂದ.

"ಬರೂದಿಲ್ಲ ಅಂದ್ರು ರೀ. ಪರಗಂಡಸರು ಇರೋ ಖೋಲ್ಯಾಗ ನಾ ಹೆಂಗ ಹೋಗಿ ಇರಲಿ, ನಮ್ಮ ಮನ್ಯಾಗ ಏನ ಅಂದಾರು ಅಂದ್ರು. ನೀವಿಬ್ಬರೂ ಛಂದಾಗಿ ಹಬ್ಬ ಮಾಡ್ರಿ ಅಂತ ಉಂಡಿ ಕಳಿಸ್ಯಾರ."

ಎರಡು ಡಬ್ಬಿ ಉಂಡಿ. ನನಗೊಂದು, ಭೀಮಣ್ಣನಿಗೊಂದು.

ನನ್ನ ಹಲ್ಕಟ್ ಮೀಸೆ ನನ್ನ ಅಕ್ಕನ ತವರನ್ನು ಕಸಿದುಕೊಂಡಿತ್ತು. ಕಚೇರಿಗೆ ರಜೆ ಹೇಳಿ ಮರುದಿನವೇ ಡೋಣಿಗೆ ಹೋದೆ.

ಪಡಸಾಲೆಯ ಗೋಡೆಯಲ್ಲಿ, ದೇವರ ಪಟದ ಪಕ್ಕ, ಕಟ್ಟು ಹಾಕಿಸಿದ ನಮ್ಮಿಬ್ಬರ ಫೋಟೋ. ಅಕ್ಕ ಎಳ್ಳು ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಅವರನ್ನ ಯಾಕ ಕರಕೊಂಡ ಬರಲಿಲ್ಲೋ?" ಅಂದಳು.

"ಅಕ್ಕಾ, ಅವರು ಅಂತ ಯಾರೂ ಇಲ್ಲ. ಅದೂ ನಾನ."

"ಚ್ಯಾಷ್ಟಿ ಮಾಡಬ್ಯಾಡ."

ಫೋಟೋ ಇಳಿಸಿದೆ. ರುಮಾಲಿನ ಮೇಲೆ ಒಂದು ಬೆರಳು, ಮೀಸೆಯ ಮೇಲೆ ಒಂದು ಬೆರಳು ಇಟ್ಟೆ. ಅಕ್ಕ ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು. ಆಮೇಲೆ ಶುರುವಾಯಿತು ನಗು, "ಅಯ್ಯ ನಿನ್ನ! ಖಾರ ನಡೀತೈತೇನು ಅಂತ ಕೇಳಿದ್ನಲ್ಲೋ, ಭಾಡ್ಯಾ!" ಅಂತ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಪಾರಾದೆ ಅಂದುಕೊಂಡೆ.

ನಗು ಅರ್ಧಕ್ಕೆ ನಿಂತಿತು.

"ಹೋಳಿ ಮುಂದ ಜ್ವರ ಬಂದಿದ್ದು?"

"ಅದು ಖರೇನ."

"ಗಂಜಿ ಕಾಸಿದಾಂವ ಯಾರು?"

ನಾನು ಫೋಟೋವನ್ನು ಬೋರಲು ಮಾಡಿ ಗೋಡೆಗೆ ಒರಗಿಸಿಟ್ಟೆ.

"ಜ್ವರ ಅಂದ ಕೂಡಲೆ ಚಕ್ಕಡಿ ಹೂಡಿಸಿದ್ನೋ ತಮ್ಮಾ. ಹತ್ತಿ ಸೈತ ಕುಂತಿದ್ದೆ. ಭೀಮಣ್ಣ ಅದಾರ ಅಂತ ಮಲ್ಲಪ್ಪ ಅಂದ ಮ್ಯಾಲೆ ಇಳದೆ. ನಾ ಇಳದು ಬಿಟ್ಟೆನಲ್ಲೋ."

ಅಕ್ಕ ಅತ್ತಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ತಾನು ಇಳಿದದ್ದಕ್ಕೆ ತನ್ನನ್ನೇ ಬೈದುಕೊಂಡಳು. ನಾಡಿನ ನಕಾಶೆಯ ಮೇಲೆ ಭಾಷಣ ಮಾಡುವ, ವಾರ ವಾರ ಇಷ್ಟುದ್ದ ಬರೆಯುವ ನಾನು ಆಕೆಯ ಎಳ್ಳಿನಲ್ಲಿ ಕಲ್ಲು ಆರಿಸುತ್ತ ಕೂತೆ.

ಪಂಚಮಿಗೆ ಅಕ್ಕ ಬಂದಳು. ಉಂಡಿ ಕಟ್ಟಿದಳು, ನಾನು ಬಡಿಸಿದೆ, ಉಂಡಳು. ಜೋಕಾಲಿ ಮಾತ್ರ ಬೇಡ ಅಂದಳು. ನಿನ್ನೆ ಮುಂಜಾನೆ ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ಬ್ಯಾಸರ ಆದ್ರ ಬ್ಯಾಸರ ಆಗೇತಿ, ಬಾ ಅಕ್ಕಾ ಅನ್ನು. ಅಷ್ಟ ಅನ್ನು ಸಾಕು. ನಾಲಿಗಿ ಏನ ಸವೆಯಂಗಿಲ್ಲ" ಅಂದಳು. ಹೂಂ ಅಂದೆ. ಆಗಲೇ ಬೇಸರ ಶುರುವಾಗಿತ್ತು, ಆದರೆ "ಜಲ್ದಿ ಹತ್ತು, ಜಾಗಾ ಸಿಗಂಗಿಲ್ಲ" ಅಂದೆ.

ಖೋಲಿಗೆ ಬಂದು, ಬಾಗಿಲು ಹಾಕಿಕೊಂಡು, ಒಬ್ಬನೇ ನಿಂತು ಹೇಳಿ ನೋಡಿದೆ: "ಬ್ಯಾಸರ ಆಗೇತಿ, ಬಾ ಅಕ್ಕಾ." ಸಲೀಸಾಗಿ ಬಂತು.

ಮತ್ತೆ ಎದುರಿಗೆ ಮನುಷ್ಯರಿದ್ದಾಗ ಯಾಕೆ ಬರುವುದಿಲ್ಲ?