ಮೂರನೆಯ ಟಿಕೆಟ್

ನೆಂಟರು, ನೆರೆಯವರು, ಕೊನೆಗೆ ತರಕಾರಿ ಗಾಡಿಯವನೂ ಅವಳನ್ನು ಕರೆಯುತ್ತಿದ್ದದ್ದು ಚೆಕರಮ್ಮ ಎಂದೇ. ಅರ್ಧ ಆಯಸ್ಸನ್ನು ಅವಳು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಚೆಕರ್ ಆಗಿಯೇ ಕಳೆದಿದ್ದಳು. ಹಿಂಬಾಗಿಲಿನಿಂದ ಸದ್ದಿಲ್ಲದೆ ಹತ್ತಿ, ಕಂಬಿ ಹಿಡಿಯದೆ ನಿಂತು, ಬಸ್ಸಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರ ಹತ್ತಿರ ಟಿಕೆಟ್ ಇಲ್ಲ ಎಂಬುದು ಅವಳಿಗೆ ತಿಳಿದುಬಿಡುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದರ ಗುಟ್ಟು ಕೇಳುತ್ತಿದ್ದರು.

"ಟಿಕೆಟ್ ಇರೋರು ಮುಖ ಗಂಟು ಹಾಕ್ಕೋತಾರೆ ಕಣ್ರೋ. ಹಾಯಾಗಿ ಕೂತೋರನ್ನ ಎಬ್ಬಿಸಿದ್ರೆ ಸಿಟ್ಟು ಬರಲ್ವಾ? ಇಲ್ಲದೋರು ನಾವು ಬಾಯಿ ಬಿಡೋಕೆ ಮುಂಚೇನೇ ನಗ್ತಾರೆ."

ಈ ಬುದ್ಧಿ ಬಸ್ಸಿನಿಂದ ಇಳಿದು ಅವಳ ಜೊತೆ ಮನೆಗೂ ಬಂದಿತ್ತು. ಹಾಲಿನವನು ನಕ್ಕರೆ ಹಾಲನ್ನು ಮೂಸಿ ನೋಡುವಳು. ಪುಸ್ತಕ ಬೈಂಡಿಂಗ್ ಕೆಲಸದ ಅವಳ ಗಂಡನಿಗೆ ಮನೆಯಲ್ಲಿ ನಗುವುದಕ್ಕೇ ಅಂಜಿಕೆ.

ಆ ಮನೆಗೆ ಹಿಂದಿನ ವರ್ಷ ತಂಗಿಯ ಮಗಳು ಬಂದಳು. ತಂಗಿ ಮರುಮದುವೆಯಾಗಿದ್ದಳು, ಹೊಸ ಮನೆಯಲ್ಲಿ ಹುಡುಗಿಗೆ ಜಾಗವಿರಲಿಲ್ಲ. ರಜೆಗೆಂದು ಮಾವನ ಮನೆಯಲ್ಲಿ ಬಿಟ್ಟರು, ಅಲ್ಲಿಂದ ಮತ್ತೊಂದು ರಜೆಗೆ ಚೆಕರಮ್ಮನ ಮನೆಗೆ ಕಳಿಸಿದರು. ರಜೆ ಮುಗಿಯಿತು, ಹುಡುಗಿ ಉಳಿದಳು. ಮಾತಿಗೆ ಮಾತು, ಬಾಗಿಲು ದಡಾರೆಂದು ಹಾಕುವುದು, ಶಾಲೆಯಿಂದ ದೂರು. ದೊಡ್ಡಪ್ಪ ಅವಳಿಗೆ ಇಟ್ಟ ಹೆಸರು ಮುಳ್ಳಿ. ಎಲ್ಲಿ ಮುಟ್ಟಿದರೂ ಚುಚ್ಚುತ್ತಾಳೆ ಎಂದು.

ಬೇಸಿಗೆ ರಜೆ ಬಂದಾಗ ಅವನೇ ಒಂದು ಉಪಾಯ ಮಾಡಿದ. "ಕಡಲ ಹತ್ರ ಒಂದು ಒಳ್ಳೆ ಶಾಲೆ ಇದೆ, ಹಾಸ್ಟೆಲ್ಲೂ ಇದೆ. ಮಾತಾಡಿದೀನಿ. ನಾಲ್ಕು ದಿನ ಸಮುದ್ರ ನೋಡೋಣ, ಬರೋವಾಗ ಅವಳನ್ನ ಅಲ್ಲೇ ಸೇರಿಸಿ ಬರೋಣ. ಈಗಲೇ ಹೇಳಿದ್ರೆ ಮನೆ ತಲೆಕೆಳಗಾಗುತ್ತೆ. ಅಲ್ಲಿ ಹೋದ್ಮೇಲೆ ನೀನೇ ನಿಧಾನಕ್ಕೆ ಹೇಳು."

ಚೆಕರಮ್ಮ ಹೂಂ ಅಂದಳು. ದಿನವೂ ಬೆಳಿಗ್ಗೆ ಕಣ್ಣು ಮುಚ್ಚಿ ಕೈಮುಗಿಯುವ ರೂಢಿ ಅವಳದು. ಹೊರಡುವ ದಿನ ಕಣ್ಣು ಮುಚ್ಚಿದರೂ ಮನಸ್ಸು ನಿಲ್ಲಲಿಲ್ಲ.

ಲಾಡ್ಜಿನ ಕೋಣೆಯಲ್ಲಿ ಮೂರು ಮಂಚ, ಒಂದು ಅಲುಗಾಡುವ ಫ್ಯಾನು. ಮೊದಲ ದಿನ ಮುಳ್ಳಿ ಎಂದಿನಂತೆಯೇ ಇದ್ದಳು. "ಉಪ್ಪು ನೀರು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಮರಳಿನ ಮೇಲೆ ಬೆನ್ನು ತಿರುಗಿಸಿ ಕೂತಳು. ಚೆಕರಮ್ಮ ಬೈಯಲಿಲ್ಲ. ಹೇಳಬೇಕಾದದ್ದನ್ನು ಆಗ ಹೇಳೋಣ, ಈಗ ಹೇಳೋಣ ಎಂದು ಮುಂದಕ್ಕೆ ಹಾಕುತ್ತಾ, ಮಾತು ಬಾಯಿಗೆ ಬಂದಾಗಲೆಲ್ಲ ಅವಳ ತಲೆ ಸವರಿ ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಎದ್ದರೆ ಮುಳ್ಳಿಯ ಹೊದಿಕೆ ನೀಟಾಗಿ ಮಡಿಸಿಟ್ಟಿತ್ತು. ಲೋಟಗಳನ್ನು ತೊಳೆದಿಟ್ಟಿದ್ದಳು.

"ದೊಡ್ಡಪ್ಪ, ನಿಮ್ಗೆ ಟೀ ತರ್ಲಾ?" ಎಂದಳು. ನಕ್ಕಳು.

"ನೋಡಿದ್ಯಾ, ಸಮುದ್ರದ ಗಾಳಿ ಹೇಗೆ ಕೆಲಸ ಮಾಡುತ್ತೆ," ಎಂದು ಅವನು ಹಿಗ್ಗಿದ. ಚೆಕರಮ್ಮ ಮಾತ್ರ ಹಿಗ್ಗಲಿಲ್ಲ. ಆ ನಗೆಯನ್ನು ಅವಳು ಸಾವಿರ ಸಲ ನೋಡಿದ್ದಳು.

ಅಂದಿನಿಂದ ಅವಳ ಕಣ್ಣು ಹುಡುಗಿಯ ಮೇಲಿನಿಂದ ಕದಲಲಿಲ್ಲ. ತಿಂಡಿಗೆ ಕೊಟ್ಟ ಬ್ರೆಡ್ಡಿನಲ್ಲಿ ಒಂದು ತುಂಡು ಮಡಿಲಿಗೆ ಜಾರಿತು. ಕೋಣೆಗೆ ತಂದಿಟ್ಟ ಚಿಪ್ಪಿನಲ್ಲಿ ಬಾಳೆಹಣ್ಣು ಕಡಿಮೆಯಾಯಿತು, ಆದರೆ ಕಸದ ಬುಟ್ಟಿಯಲ್ಲಿ ಸಿಪ್ಪೆ ಇಲ್ಲ. ಚಪ್ಪಲಿ ಎರಡೂ ಬಾಗಿಲ ಕಡೆಗೆ ಮುಖ ಮಾಡಿ ನಿಂತಿದ್ದವು. ಕೆಳಗೆ ಕೌಂಟರಿನಲ್ಲಿದ್ದ ಮ್ಯಾನೇಜರು ಅವಳನ್ನು ನೋಡಿ, "ಬಹಳ ಸೌಮ್ಯ ಕಣಮ್ಮ ನಿಮ್ಮ ಹುಡುಗಿ. ನಿಮ್ಮ ಊರ ಕಡೆ ಬಸ್ಸು ಯಾವಾಗ್ಯಾವಾಗ ಇದೆ ಅಂತ ವಿಚಾರಿಸ್ತಿದ್ಳು," ಎಂದ.

ಸೌಮ್ಯ ಎಂಬ ಮಾತು ಚೆಕರಮ್ಮನಿಗೆ ಮುಳ್ಳಿನಂತೆ ನಾಟಿತು. ಇವಳಿಗೆ ವಾಸನೆ ಹತ್ತಿದೆ, ಓಡಿಹೋಗುವ ತಯಾರಿ ನಡೆಸಿದ್ದಾಳೆ. ಅವಳು ತನ್ನ ಮಂಚವನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡಳು.

"ಗಾಳಿಗೆ," ಎಂದಳು ಗಂಡನಿಗೆ.

"ಕಿಟಕಿ ಆ ಕಡೆ ಇದೆ," ಎಂದ ಅವನು.

ಕೊನೆಯ ದಿನ ಮುಳ್ಳಿ ಸ್ನಾನಕ್ಕೆ ಹೋದಾಗ ಚೆಕರಮ್ಮ ಅವಳ ಚೀಲ ತೆರೆದಳು. ಬಟ್ಟೆಗಳ ಕೆಳಗೆ ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಕಪ್ಪಾದ ಬಾಳೆಹಣ್ಣು, ಬಿಸ್ಕತ್ತು, ಲಾಡ್ಜಿನವರು ಕೊಟ್ಟ ಪುಟಾಣಿ ಸೋಪು. ತಲೆ ಎತ್ತಿದರೆ ಬಚ್ಚಲಿನ ಬಾಗಿಲಲ್ಲಿ ಮುಳ್ಳಿ ನಿಂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದಲ್ಲಿ ನಗೆ ಇರಲಿಲ್ಲ.

"ಸಿಕ್ತಾ?"

"ಓಡಿಹೋಗೋ ಅಂದಾಜಾ?"

"ಓಡಿಹೋಗೋಳು ಸೋಪು ತಗೊಂಡು ಹೋಗ್ತಾಳಾ ದೊಡ್ಡಮ್ಮ?"

ಅದು ಚೆಕರಮ್ಮನಿಗೆ ಹೊಳೆದಿರಲಿಲ್ಲ. "ಮತ್ತೆ ಯಾಕೆ ಇದೆಲ್ಲ?"

"ಮಾವನ ಮನೇಲಿ ಬಿಟ್ಟು ಹೋದ ದಿನ, ಅಜ್ಜಿ ಊಟ ಹಾಕಿರ್ತಾರೆ ಅಂತ ಅತ್ತೆ ಅಂದ್ಕೊಂಡ್ರು. ಅತ್ತೆ ಹಾಕಿರ್ತಾರೆ ಅಂತ ಅಜ್ಜಿ. ನಿಮ್ಮನೇಲೂ ಮೊದಲ್ನೇ ದಿನ ಹಂಗೇ ಆಯ್ತು. ಅದಕ್ಕೆ ಇಟ್ಕೊಂಡೆ."

ಚೆಕರಮ್ಮ ನೆನಪಿಸಿಕೊಂಡಳು. ಅವಳಿಗೆ ಅಂದು ಸಂಜೆ ಡ್ಯೂಟಿ ಇತ್ತು. "ಬಿಟ್ಟು ಹೋಗ್ತೀವಿ ಅಂತ ಯಾರು ಹೇಳಿದ್ರು?"

"ಬಂದ ರಾತ್ರಿ ದೊಡ್ಡಪ್ಪ ಕನ್ನಡಕ ತಗೊಂಬಾ ಅಂತ ಕಳ್ಸಿದ್ರಲ್ಲ. ಜೇಬಲ್ಲಿ ವಾಪಸ್ ಟಿಕೆಟ್ ಇತ್ತು. ಎರಡೇ." ಅವಳು ಕೂದಲು ಹಿಂಡಿದಳು. "ಅದಕ್ಕೂ ಮುಂಚೇನೇ ಡೌಟು. ಮನೆ ಬಿಟ್ಟಾಗಿಂದ ನೀವು ಒಂದ್ ಸಲಾನೂ ಬೈದಿಲ್ಲ. ಸುಮ್ಸುಮ್ನೆ ನಗ್ತಿದ್ರಿ."

ಚೆಕರಮ್ಮ ಸೋಪನ್ನು ತಿರುಗಿ ಚೀಲದಲ್ಲಿಟ್ಟಳು. "ನೀನ್ಯಾಕೆ ನಗ್ತಿದ್ದೆ?" ಎಂದಳು.

"ನಗ್ತಿದ್ರೆ ನಿಮ್ಮ ಮನಸ್ಸು ಬದಲಾಗುತ್ತೇನೋ ಅಂತ."

"ಬಸ್ಸಿನ ವಿಚಾರ ಯಾಕೆ ಕೇಳಿದೆ?"

"ಯಾವಾಗ ಹೋಗ್ತೀರ ಅಂತ ಗೊತ್ತಿರ್ಲಿ ಅಂತ. ಮಾವನ ಮನೇಲಿ ಬಿಟ್ಟಾಗ ಅಮ್ಮ ಹೋಗಿದ್ದೇ ನಂಗೆ ಗೊತ್ತಾಗ್ಲಿಲ್ಲ."

ಚೆಕರಮ್ಮ ಚೀಲದ ಬಟ್ಟೆಗಳನ್ನು ಇದ್ದ ಹಾಗೆಯೇ ಜೋಡಿಸಿ ಜಿಪ್ಪು ಎಳೆದಳು. "ತಲೆ ಒರೆಸ್ಕೊ ಮೊದ್ಲು. ಕೋಣೆಯೆಲ್ಲ ಕೆರೆ ಮಾಡಿದೀಯ. ನಿಂಗೆ ಎಷ್ಟು ಸಲ ಹೇಳ್ಬೇಕು?" ಎಂದು ಗದರಿದಳು. ಹುಡುಗಿ ಹುಬ್ಬು ಗಂಟಿಕ್ಕಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಟವೆಲ್ಲಿಗೆ ಕೈ ಚಾಚಿದಳು.

ಗಂಡ ಮೊಗಸಾಲೆಯಲ್ಲಿ ಶೂ ಒರೆಸುತ್ತಿದ್ದ. "ಹೇಳಿದ್ಯಾ? ಹೊತ್ತಾಯ್ತು, ಹಾಸ್ಟೆಲಿನವರು ಕಾಯ್ತಿರ್ತಾರೆ."

"ಅವಳು ನಮ್ಮ ಜೊತೆ ಬರ್ತಾಳೆ."

"ಏನೇ ಇದು? ಒಂದು ವರ್ಷದಿಂದ ನನ್ನ ಮನೇಲಿ ನಾನೇ ನೆಂಟ ಆಗಿದೀನಿ. ಒಂದು ಬಾಗಿಲು ನೆಟ್ಟಗಿಲ್ಲ."

"ಬಾಗಿಲು ರಿಪೇರಿ ಮಾಡ್ಸಿ. ಟಿಕೆಟ್ ಇಲ್ಲದೋರನ್ನ ಎಷ್ಟೋ ಜನರನ್ನ ಇಳ್ಸಿದೀನಿ ರೀ ನಾನು. ಕರ್ಕೊಂಡು ಬಂದೋರೇ ಟಿಕೆಟ್ ತಗೊಂಡಿಲ್ಲ ಅಂದ್ರೆ ಇಳಿಬೇಕಾದೋರು ಯಾರು?"

"ಅಲ್ಲಿ ಮಾತು ಕೊಟ್ಟಿದೀನಲ್ಲ."

"ಆ ಜಾಗ ಯಾರಿಗಾದ್ರೂ ಬೇಕಿರೋರಿಗೆ ಕೊಡಿ ಅನ್ನಿ. ಫೋನು ನಾನೇ ಮಾಡ್ಲಾ?"

ಅವನು ಶೂ ಇನ್ನೂ ಜೋರಾಗಿ ಒರೆಸಿದ. ಆದರೆ ಫೋನು ಅವನೇ ಮಾಡಿದ.

ನಿಲ್ದಾಣದಲ್ಲಿ ಬಸ್ಸು ಕಿಕ್ಕಿರಿದಿತ್ತು. "ನಿಂತು ಹೋಗೋದಾದ್ರೆ ಒಂದು ಟಿಕೆಟ್ ಕೊಡ್ತೀನಿ," ಎಂದರು ಕೌಂಟರಿನವರು. ಚೆಕರಮ್ಮ ತಗೊಂಡಳು. ಗಂಡನನ್ನೂ ಮುಳ್ಳಿಯನ್ನೂ ಸೀಟಿನಲ್ಲಿ ಕೂರಿಸಿ, ಮೂರೂ ಟಿಕೆಟ್ಟನ್ನು ಹುಡುಗಿಯ ಕೈಗೆ ಕೊಟ್ಟು, ತಾನು ನಡುವೆ ಕಂಬಿ ಹಿಡಿಯದೆ ನಿಂತಳು. ಆದರೂ ಬಸ್ಸು ನಿಂತಲ್ಲೆಲ್ಲ ಅವಳ ಕಣ್ಣು ಮುಳ್ಳಿಯ ಕಾಲಿನತ್ತ ಹೋಗುತ್ತಿತ್ತು. ಮುಳ್ಳಿಯೂ ಪ್ರತಿ ನಿಲ್ದಾಣದಲ್ಲಿ ಕತ್ತು ಹೊರಳಿಸಿ, ದೊಡ್ಡಮ್ಮ ಅಲ್ಲೇ ಇದ್ದಾಳೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಒಬ್ಬರ ಮೇಲೊಬ್ಬರಿಗೆ ಇನ್ನೂ ನಂಬಿಕೆ ಕೂತಿರಲಿಲ್ಲ.

ಅರ್ಧ ದಾರಿಯಲ್ಲಿ ಮುಳ್ಳಿ ಚೀಲದಿಂದ ಬಾಳೆಹಣ್ಣು ತೆಗೆದು ಅರ್ಧ ಮುರಿದು ದೊಡ್ಡಪ್ಪನಿಗೆ ಕೊಟ್ಟಳು.

"ಕಪ್ಪಾಗಿದೆ ಇದು," ಎಂದ ಅವನು. ತಿಂದ.

ಅಷ್ಟರಲ್ಲಿ ತಪಾಸಣೆಯ ಯುವಕನೊಬ್ಬ ಹಿಂಬಾಗಿಲಿನಿಂದ ಹತ್ತಿದ. "ಟಿಕೆಟ್ ತೋರ್ಸಮ್ಮ," ಎಂದ ಮುಳ್ಳಿಗೆ.

ಮುಳ್ಳಿ ಮುಖವನ್ನು ಎಷ್ಟಾಗುತ್ತೋ ಅಷ್ಟು ಗಂಟು ಹಾಕಿಕೊಂಡಳು. "ಇರಿ, ಕೈಯೆಲ್ಲ ಹಣ್ಣು. ಇದೆ ನಮ್ಮ ಹತ್ರ."

ಚೆಕರಮ್ಮನ ತುಟಿ ಅವಳಿಗೆ ಗೊತ್ತಿಲ್ಲದೆ ಅರಳಿತು. ಯುವಕ ಥಟ್ಟನೆ ಅವಳತ್ತ ತಿರುಗಿ ಕಣ್ಣು ಕಿರಿದು ಮಾಡಿದ.

"ಅಮ್ಮ, ನಿಮ್ಮದು?"

"ಅವ್ರದ್ದೂ ನನ್ನ ಹತ್ರನೇ ಇದೆ," ಎಂದು ಮುಳ್ಳಿ ಸಿಡುಕಿನಿಂದ ಮೂರನ್ನೂ ಅವನ ಮುಂದೆ ಹಿಡಿದಳು. ಅವನು ಒಂದೊಂದಾಗಿ ನೋಡಿದ. ಚೆಕರಮ್ಮನದನ್ನು ಮಾತ್ರ ತಿರುಗಿಸಿ ಎರಡನೆಯ ಸಲ ನೋಡಿದ.