ತಂಗಿಗೆ ಬರೆದುಕೊಟ್ಟ ಸೆಟ್ಟಿಂಗ್

ನನ್ನ ತಂಗಿಗೆ ವಿಮಾನ ಹಾರಿಸುವ ಹುಚ್ಚು. ನನಗೆ ಅವಳನ್ನು ಪೈಲಟ್ ಮಾಡಿಯೇ ತೀರುವ ಹುಚ್ಚು. ಸೇಲಂನಲ್ಲಿ ಮನೆಯೊಳಗೆ ಕನ್ನಡವಾಡುವ ನಮ್ಮ ನೇಕಾರರ ಬೀದಿಯಲ್ಲಿ ಉಳಿದ ಹುಡುಗಿಯರು ನರ್ಸಿಂಗ್, ಬ್ಯಾಂಕ್ ಪರೀಕ್ಷೆ ಅನ್ನುತ್ತಿದ್ದಾಗ ನಾವಿಬ್ಬರೂ ಹಳೆಯ ಕಂಪ್ಯೂಟರಿನ ಮುಂದೆ ಕೂತು ಸಿಮ್ಯುಲೇಟರಿನಲ್ಲಿ ವಿಮಾನ ಇಳಿಸುತ್ತಿದ್ದೆವು. ಇಳಿಸುತ್ತಿದ್ದವಳು ಅವಳು. ಅದನ್ನೆಲ್ಲ ಹೊಂದಿಸಿಕೊಡುವ ಕೆಲಸ ನನ್ನದು.

ಹೊಂದಿಸುವುದು ಸಣ್ಣ ಕೆಲಸವಲ್ಲ. ಇರುವುದು ಕೈಯಲ್ಲಿ ಹಿಡಿದು ಹಾರಿಸುವ ಒಂದೇ ಸ್ಟಿಕ್, ಕಾಲಲ್ಲಿ ಒತ್ತಿ ತಿರುಗಿಸುವ ಒಂದೇ ಜೊತೆ ಪೆಡಲ್. ವಿಮಾನ ಬದಲಾದರೆ ಅವುಗಳ ಲೆಕ್ಕವೆಲ್ಲ ಬದಲಾಗಬೇಕು. ಒಂದೇ ಎಂಜಿನ್ನಿನ ಪುಟ್ಟ ವಿಮಾನ ಬೆರಳು ಸೋಕಿದರೂ ಓಲಾಡುತ್ತದೆ, ಅದಕ್ಕೆ ಸ್ಟಿಕ್ಕಿನ ಚುರುಕು ತಗ್ಗಿಸಬೇಕು. ದೊಡ್ಡ ಜೆಟ್ಟಿನ ಎರಡು ಎಂಜಿನ್ನಿಗೆ ಪವರ್ ಏರಿಸಿ ಇಳಿಸುವ ಎರಡು ಥ್ರಾಟಲ್ ಬೇಕು. ಇದನ್ನೆಲ್ಲ ವಿಮಾನಕ್ಕೊಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಟ್ಟಿದ್ದೆ. ನನ್ನ ಕೆಲಸದ ಬಗ್ಗೆ ನನಗೆ ಜಂಬವೂ ಇತ್ತು.

ಪೆಡಲ್ ಮಾಡಿಕೊಟ್ಟದ್ದು ಅಪ್ಪ, ಹಳೆಯ ಮಗ್ಗದಲ್ಲಿ ಕಾಲಿನಿಂದ ತುಳಿಯುವ ಎರಡು ಹಲಗೆಗಳನ್ನು ಬಿಚ್ಚಿ ತಂದು. ಅವರು ಹಗ್ಗ ಕಟ್ಟಿದ್ದು ಅದಲುಬದಲಾಗಿ, ಎಡಗಾಲು ಒತ್ತಿದರೆ ವಿಮಾನ ಬಲಕ್ಕೆ ಹೊರಳುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿಸುವ ತಾಳ್ಮೆ ನನಗೆಲ್ಲಿ? ಕಂಪ್ಯೂಟರಿನಲ್ಲಿ ‘ರಿವರ್ಸ್’ ಎಂಬ ಚೌಕಕ್ಕೆ ಟಿಕ್ ಹಾಕಿದೆ, ಸರಿಹೋಯಿತು. ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಹಾಗೆಯೇ ಬರೆದೆ.

ತಂಗಿ ಯಾಕೆ ಏನು ಎಂದು ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಮಗ್ಗಕ್ಕೆ ಡಿಸೈನ್ ಬರೆಯುವವರು ಒಬ್ಬರು, ನೇಯುವವರು ಇನ್ನೊಬ್ಬರು. ಕಾಗದದಲ್ಲಿ ಯಾವ ಹಲಗೆ ಎಂದಿದೆಯೋ ಅದನ್ನೇ ತುಳಿಯುವುದು; ಸರಿಯಿದೆಯೇ ಎಂದು ಕೇಳಿದರೆ ಬರೆದವರಿಗೆ ಅವಮಾನ. ಹಾರುವ ಮುಂಚೆ ಒಮ್ಮೆ ಪೆಡಲ್ ತುಳಿದು ನೋಡಲೇ ಎಂದು ಒಂದು ದಿನ ಅವಳು ಕೇಳಿದಾಗ, ನಾನು ನೋಡಿದ್ದೀನಿ, ನೀನು ಸುಮ್ಮನೆ ಹಾರಿಸು ಎಂದು ಗದರಿದ್ದೆ.

ಎರಡು ವರ್ಷದ ಹಿಂದೆ ಒಂದು ತರಬೇತಿ ಶಾಲೆಯವರು ಫೀಸಿಲ್ಲದ ಒಂದೇ ಒಂದು ಸೀಟಿಗೆ ಸೇಲಂನಲ್ಲಿ ಆಯ್ಕೆ ಇಟ್ಟರು. ಧರ್ಮಪುರಿ, ಮೊರಪ್ಪೂರು ಕಡೆಯಿಂದಲೂ ಆರು ಮಂದಿ ಬಂದಿದ್ದರು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಎರಡು ಬಗೆಯ ವಿಮಾನಕ್ಕೆ ಹತ್ತು ನಿಮಿಷದಲ್ಲಿ ತಾವೇ ಸೆಟ್ಟಿಂಗ್ ಮಾಡಿಕೊಂಡು ಹಾರಿಸಬೇಕು, ಸ್ವಂತ ನೋಟ್‌ಬುಕ್ ನೋಡಿಕೊಳ್ಳಬಹುದು. ಜೊತೆಗೆ ಬಂದವರು ಗಾಜಿನ ಆಚೆ ನಿಲ್ಲಬೇಕು. ಸನ್ನೆ ಮಾಡಿದರೂ ಅಭ್ಯರ್ಥಿಯನ್ನು ಎಬ್ಬಿಸಿ ಕಳಿಸುತ್ತೇವೆ ಎಂದು ಮೊದಲೇ ಹೇಳಿದ್ದರು.

“ನೀ ಬರ್ದಂಗೇ ಮಾಡ್ತೀನಿ ಅಕ್ಕ, ಎದರಬ್ಯಾಡ,” ಎಂದು ಅವಳು ಒಳಗೆ ಹೋದಳು.

ಗಾಜಿನಿಂದ ಪರದೆ ಚೆನ್ನಾಗಿಯೇ ಕಾಣುತ್ತಿತ್ತು. ಸ್ಟಿಕ್ ಮುಗಿಸಿ ಪೆಡಲ್ಲಿನ ಸಾಲಿಗೆ ಬಂದು ಅವಳು ರಿವರ್ಸ್ ಚೌಕ ಒತ್ತಿದಾಗಲೇ ನನಗೆ ಹೊಳೆದದ್ದು. ಅವಳ ಕಾಲ ಕೆಳಗಿದ್ದದ್ದು ಅಪ್ಪನ ಹಲಗೆಗಳಲ್ಲ, ಶಾಲೆಯವರು ಅಂಗಡಿಯಿಂದ ಕೊಂಡು ತಂದ ಪೆಡಲ್. ಅವು ಸರಿಯಾಗಿಯೇ ಇದ್ದವು. ನನ್ನ ಟಿಕ್ ಅವನ್ನು ತಿರುವುಮುರುವು ಮಾಡಿತು.

ಇನ್ನೂ ಏಳು ನಿಮಿಷವಿತ್ತು. ಒಂದು ಸಲ ಕಾಲು ಒತ್ತಿ, ಬಾಲದ ರೆಕ್ಕೆ ಯಾವ ಕಡೆ ತಿರುಗಿತೆಂದು ಪರದೆಯಲ್ಲಿ ನೋಡಿದ್ದರೆ ಸಾಕಿತ್ತು. ತುಳಿಯೇ, ತುಳಿದು ನೋಡೇ ಎಂದು ಮನಸ್ಸಿನಲ್ಲೇ ಬಡಕೊಂಡೆ. ಗಾಜು ತಟ್ಟಲು ಕೈ ಎತ್ತಿದೆ. ತಟ್ಟಿದರೆ ಅಲ್ಲಿಗೇ ಮುಗಿಯಿತು. ತಟ್ಟದಿದ್ದರೆ ಅವಳೇ ಕಂಡುಕೊಂಡರೂ ಕಂಡುಕೊಂಡಾಳು. ಕೈ ಇಳಿಸಿದೆ. ಅವಳು ಪುಟ ತಿರುಗಿಸಿ ಜೆಟ್ಟಿನ ಥ್ರಾಟಲ್‌ಗಳನ್ನು ಹೊಂದಿಸಿದಳು, ಪೆಡಲ್ಲಿಗೆ ಮತ್ತೆ ಟಿಕ್ ಹಾಕಿದಳು, ನನ್ನತ್ತ ತಿರುಗಿ ನಕ್ಕಳು. ಆ ನಗು ನೋಡಲಾಗದೆ ನೆಲ ನೋಡಿದೆ. ಎರಡು ನಿಮಿಷ ಮಿಕ್ಕಿರುವಾಗಲೇ ಅವಳು ಮುಗಿಯಿತೆಂದು ಹೇಳಿಬಿಟ್ಟಳು.

ಮೊದಲು ಪುಟ್ಟ ವಿಮಾನ. ಅದನ್ನು ರನ್‌ವೇ ಮೇಲೆಯೇ ನಿಲ್ಲಿಸಿದ್ದರು. ಅವಳು ಪವರ್ ಕೊಟ್ಟಳು. ಅಂಥ ವಿಮಾನ ಓಡುವಾಗ ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ ನೇರ ಮಾಡಬೇಕು. ಒತ್ತಿದಳು. ಇನ್ನಷ್ಟು ಎಡಕ್ಕೆ ಹೋಯಿತು. ಮತ್ತೂ ಬಲವಾಗಿ ಒತ್ತಿದಳು. ವಿಮಾನ ಅಂಚಿನ ಗೆರೆ ದಾಟಿ, ಹುಲ್ಲಿಗೆ ಇಳಿದು, ಒಂದು ರೆಕ್ಕೆ ನೆಲಕ್ಕೆ ತಾಗಿ ಪರದೆ ಕಪ್ಪಾಯಿತು.

ಪರೀಕ್ಷಕರು ಬಾಗಿಲು ತೆರೆದು ನನ್ನನ್ನೂ ಒಳಗೆ ಬರಹೇಳಿದರು. ಗದರಲಿಲ್ಲ. ಸೆಟ್ಟಿಂಗ್ ತೆರೆದು, ಆ ಟಿಕ್ಕಿನ ಮೇಲೆ ಬೆರಳಿಟ್ಟು, ಹಾರುವ ಮುಂಚೆ ಒಮ್ಮೆ ಯಾಕೆ ತುಳಿದು ನೋಡಲಿಲ್ಲ ಎಂದು ತಮಿಳಿನಲ್ಲಿ ಕೇಳಿದರು. ಅಕ್ಕ ಬೇಡವೆಂದಿದ್ದಳು ಎಂದು ಅವಳು ಹೇಳಿಬಿಡಲಿ ಎಂದು ಕಾದೆ. ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗಾಬರಿಯಲ್ಲಿ ಅವಳ ಬಾಯಿಗೆ ಮನೆಮಾತೇ ಬಂತು.

“ನಮ್ಮಕ್ಕ ಬರ್ದುಕೊಟ್ಟಿರಾದು ಸಾರ್. ಅದ್ರಾಗೆ ತಪ್ಪಿರಾಕಿಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ಕೈ ತೋರಿಸಿ ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದಳು. ಅವರು ತಲೆಯಾಡಿಸಿ, ಜೆಟ್ ಹಾರಿಸಲು ಹೇಳದೆಯೇ ಮುಂದಿನವರನ್ನು ಕರೆದರು.