ದೇವರಿಗೆ ಕೊಟ್ಟ ತಪ್ಪು ಸುದ್ದಿ

ನನ್ನ ಅಳಿಯ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಒಲೆಯ ಹಾಗೆ ಕಾಯುವ, ಲಿಫ್ಟಿನ ಮೋಟಾರಿನ ಒಂದು ಪುಟ್ಟ ಕೋಣೆ ಇರುತ್ತದಲ್ಲ, ಅವನ ಅರ್ಧ ಆಯುಷ್ಯ ಕಳೆದದ್ದು ಅಲ್ಲಿ. ಅಂಗಿಗೆ ಸದಾ ಗ್ರೀಸಿನ ವಾಸನೆ. ಮಾತಿನ ವಿಷಯದಲ್ಲಿ ಅವನಷ್ಟು ಕೈಬಿಗಿ ಮನುಷ್ಯನನ್ನು ನಾನು ಕಂಡಿಲ್ಲ. ಮದುವೆಯ ದಿನ ಪಾಸ್ಟರ್ ‘ಒಪ್ಪಿಗೆಯೇ?’ ಎಂದು ಕೇಳಿದಾಗ ಅವನು ಹೇಳಿದ ‘ಹೂಂ’ ಎನ್ನುವುದೇ ನಾನು ಕೇಳಿದ ಅವನ ಮೊದಲ ಭಾಷಣ. ಎರಡನೆಯದಕ್ಕೆ ಮಗು ಹುಟ್ಟುವ ತನಕ ಕಾಯಬೇಕಾಯಿತು. ಅದು, “ಹೆಣ್ಣು, ಮಾವ.”

ನನ್ನ ಕಥೆ ಬೇರೆ. ನಾನು ಟಿವಿ ರಿಪೇರಿ ಮಾಡಿ ಸಂಸಾರ ಸಾಗಿಸಿದವನು. ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು, ಟಿವಿ ಎಂಬುದು ಸೈತಾನನ ಪೆಟ್ಟಿಗೆ, ಮನೆ ಮುರಿಯುವ ಯಂತ್ರ ಎಂದು ಗುಡುಗುತ್ತಿದ್ದೆ. ಸೋಮವಾರ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು, ಕೆಟ್ಟು ಕೂತ ಸೈತಾನರನ್ನು ಬೆಂಚಿನ ಮೇಲೆ ಸಾಲಾಗಿ ಮಲಗಿಸಿ, ಬೆಸುಗೆ ಹಾಕಿ ಎಬ್ಬಿಸಿ ಅವರವರ ಮನೆಗೆ ಕಳಿಸುತ್ತಿದ್ದೆ. ಗುಡುಗಿದ ವಾರ ಗಿರಾಕಿಗಳು ಹೆಚ್ಚು. ಯಾಕೆಂದರೆ ನನ್ನ ಮಾತು ಕೇಳಿ ಅರ್ಧ ಜನ ಟಿವಿಯನ್ನು ಕೋಪದಿಂದ ಗುದ್ದುತ್ತಿದ್ದರು.

ಈಗ ಅಂಗಡಿ ಮುಚ್ಚಿದ್ದೇನೆ. ಮಗಳು ಒಂದು ಫೋನು ಕೊಡಿಸಿದ್ದಾಳೆ. ಮನುಷ್ಯನನ್ನು ಹಾಳು ಮಾಡಲು ಫೋನಿಗಿಂತ ದೊಡ್ಡ ಅಸ್ತ್ರ ಇನ್ನೊಂದಿಲ್ಲ ಎಂಬ ಎಚ್ಚರಿಕೆಯನ್ನು ಅದೇ ಫೋನಿನಿಂದ ದಿನವೂ ಊರಿಗೆಲ್ಲ ಕಳಿಸುತ್ತೇನೆ. ಅಳಿಯನ ಹತ್ತಿರ ಇವತ್ತಿಗೂ ಗುಂಡಿ ಒತ್ತುವ ಹಳೆಯ ಫೋನೇ.

ನನ್ನ ನಂಬಿಕೆಗಳು ಹಳೆಯವು. ಅವು ಹಳೆಯವಾಗಿಯೇ ಇರಲಿ ಎನ್ನುವುದೂ ನನ್ನ ಒಂದು ನಂಬಿಕೆ. ಮದುವೆ ಎಂದರೆ ಸಾಯುವ ತನಕ. ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರೂ ಬೇಕು. ಊಟಕ್ಕೆ ಮುಂಚೆ ಪ್ರಾರ್ಥನೆ ಇರಬೇಕು, ಊಟದ ಮೇಜಿನ ಮೇಲೆ ಫೋನು ಇರಬಾರದು. ಅಳಿಯನೂ ಇದನ್ನೆಲ್ಲ ನಂಬುವವನೇ. ವ್ಯತ್ಯಾಸ ಇಷ್ಟೆ: ಅವನು ಪಾಲಿಸುತ್ತಾನೆ, ನಾನು ವಿವರಿಸುತ್ತೇನೆ.

ಪ್ರತಿ ಭಾನುವಾರ ಸಂಜೆ ಮಗಳು, ಅಳಿಯ, ಮಗು ನಮ್ಮ ಮನೆಗೆ ಬರುತ್ತಿದ್ದರು. ಕುಟುಂಬ ಪ್ರಾರ್ಥನೆ. ನಡೆಸುವವನು ನಾನು. ದೇವರು ಎಲ್ಲವನ್ನೂ ಬಲ್ಲವನೆಂದು ನಾನು ಮನಸಾರೆ ನಂಬುತ್ತೇನೆ. ಆದರೂ ನಗರಸಭೆಯ ವಿಷಯದಲ್ಲಿ ಆತನಿಗೆ ಒಂದಿಷ್ಟು ವಿವರ ಬೇಕಾಗಬಹುದು ಎಂದು ನನಗೊಂದು ಗುಮಾನಿ. ಆದ್ದರಿಂದ ಬೆಲೆ ಏರಿಕೆ, ಶಾಲೆಯ ಹೊಸ ಪಠ್ಯ, ಯಾವ ಮಂತ್ರಿ ಯಾವ ಪಕ್ಷಕ್ಕೆ ಹಾರಿದ, ಎಲ್ಲವನ್ನೂ ಒಪ್ಪಿಸುತ್ತೇನೆ. ಸಭೆಯ ಹುಡುಗರು ನನಗೆ ಇಟ್ಟ ಅಡ್ಡಹೆಸರು ‘ವಾರ್ತೆಗಳು’. ನಾನು ‘ಕರ್ತನೇ’ ಎಂದಾಗ ತಂತಿಯ ಮೇಲೆ ಹರವಿದ ಬಟ್ಟೆ, ‘ಆಮೆನ್’ ಎನ್ನುವ ಹೊತ್ತಿಗೆ ಒಣಗಿ, ಬಣ್ಣ ಮಾಸಿ, ಅದರ ಫ್ಯಾಷನ್ನೂ ಮುಗಿದಿರುತ್ತದೆ ಎಂದು ನನ್ನ ಹೆಂಡತಿಯ ದೂರು.

ಇನ್ನೊಂದು ಅನುಕೂಲವಿದೆ. ಮುಖಕ್ಕೆ ಹೇಳಲಾಗದ್ದನ್ನು ಕಣ್ಣು ಮುಚ್ಚಿ ದೇವರಿಗೆ ಹೇಳಿದರೆ ಪಕ್ಕದಲ್ಲಿ ಕೂತವರಿಗೆ ತಲುಪುತ್ತದೆ, ಎದುರುತ್ತರ ಬರುವುದಿಲ್ಲ. ‘ಕರ್ತನೇ, ಉಪ್ಪು ನಿನ್ನ ಸೃಷ್ಟಿ, ಅದನ್ನು ಮರೆಯದ ಮನಸ್ಸು ಕೊಡು’ ಎಂದರೆ ಮಾರನೆಯ ದಿನ ಸಾರು ಸರಿಯಾಗಿರುತ್ತದೆ.

ಹೀಗಿರುವಾಗ ನಮ್ಮ ವಾರ್ಡಿಗೆ ಚುನಾವಣೆ ಬಂತು. ನನ್ನ ಅಭ್ಯರ್ಥಿ ಕುಟುಂಬದ ಮರ್ಯಾದೆಯ ಬಗ್ಗೆ ಭಾಷಣ ಮಾಡುವವನು. ಎದುರಿಗೆ ನಿಂತವಳು ಹೊಲಿಗೆ ಕಲಿಸುವ ಒಬ್ಬ ಟೀಚರ್. ಅಳಿಯನ ಓಟು ಟೀಚರಿಗೆ ಎಂದು ಮಗಳ ಬಾಯಿಂದ ತಿಳಿದ ದಿನ ನನ್ನ ರಕ್ತದೊತ್ತಡ ಎಷ್ಟು ಏರಿತೆಂದರೆ, ಡಾಕ್ಟರು ಯಂತ್ರದ ಮುಳ್ಳನ್ನು ನೋಡಲು ಸ್ಟೂಲು ಹತ್ತಬೇಕಾಯಿತು.

ಆ ವಾರವೇ ಫೋನಿಗೆ ಒಂದು ಸುದ್ದಿ ಬಂತು. ಟೀಚರ್ ಕಟ್ಟಿಕೊಂಡ ಗಂಡನನ್ನು ಮನೆಯಿಂದ ಓಡಿಸಿದ್ದಾಳೆ, ಹೆತ್ತ ಮಕ್ಕಳನ್ನೂ ದೂರ ತಳ್ಳಿದ್ದಾಳೆ, ಮನೆ ಮುರಿದವಳಿಗೆ ನಿಮ್ಮ ಮತವೇ? ನನಗೆ ಬೇಕಾದ ಸುದ್ದಿಯಾದ್ದರಿಂದ ಅದು ಯಾರ ಮನೆಯ ಕೂಸೆಂದು ವಿಚಾರಿಸಲಿಲ್ಲ. ಸಭೆಯ ಹಿರಿಯರ ಗುಂಪಿಗೆ ಕಳಿಸಿದೆ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ದೇವರಿಗೆ ತಿಳಿಸಿದೆ. ಭಾನುವಾರ ಸಂಜೆ ಮನೆಯಲ್ಲಿ, ಅಳಿಯನ ಕಿವಿಗೂ ಬೀಳಲೆಂದು, ಇನ್ನೊಮ್ಮೆ ತಿಳಿಸಿದೆ.

“ಕರ್ತನೇ, ಗಂಡನನ್ನು ಬೀದಿಗೆ ನೂಕಿದ ಆ ಹೆಂಗಸು ನಮ್ಮ ಬೀದಿಗಳನ್ನು ಆಳಬೇಕೆನ್ನುತ್ತಿದ್ದಾಳೆ. ಈ ಕೋಣೆಯಲ್ಲೇ ಕೆಲವರು ಮೋಸ ಹೋಗಿದ್ದಾರೆ, ಅವರ ಕಣ್ಣು ತೆರೆ.” ಆಮೇಲೆ ಬೀದಿ ದೀಪಗಳ ವಿಷಯ, ಚರಂಡಿಯ ವಿಷಯ, ಪಕ್ಕದ ದೇಶದ ಒಂದು ವಿಷಯ. ಆಮೆನ್ ಎಂದು ಕಣ್ಣು ಬಿಟ್ಟೆ. ಎದುರಿನ ಎರಡು ಕುರ್ಚಿ ಖಾಲಿ. ಹೆಂಡತಿ ಒಬ್ಬಳೇ ಕೂತು ಮಗುವಿನ ಮರೆತುಹೋದ ಕಾಲುಚೀಲ ಮಡಿಸುತ್ತಿದ್ದಳು.

“ಎಲ್ಲೇ ಅವರು?”

“ಹೋದ್ರು.”

“ಯಾವಾಗ?”

“ನೀವು ಆ ಟೀಚರನ್ನ ಬೀದಿಗೆ ಎಳೆದ್ರಲ್ಲ, ಆಗ್ಲೇ ಎದ್ದ. ಚರಂಡಿ ಹತ್ರ ಬರೋ ಹೊತ್ತಿಗೆ ಅವರು ಬಸ್ಸೇ ಹತ್ತಿರ್ತಾರೆ.”

“ನನಗೆ ಹೇಳೋದಲ್ವೇನೇ!”

“ಪ್ರಾರ್ಥನೆ ಮಧ್ಯ ಯಾರೂ ಬಾಯಿ ಹಾಕ್ಬಾರ್ದು ಅಂತ ಕಾನೂನು ಮಾಡಿದ್ದು ಯಾರ್ರೀ?”

ಮರುದಿನ ಮಗಳ ಫೋನು. “ಅಪ್ಪ, ಇನ್ಮೇಲೆ ಭಾನುವಾರ ನಾವು ಬರಲ್ಲ. ಮಗು ದೀಕ್ಷಾಸ್ನಾನದ ದಿನಾನೂ ಪಾಸ್ಟರೇ ಪ್ರಾರ್ಥನೆ ಮಾಡ್ಲಿ. ನೀವು ಬೇಡ.”

ಇದು ಪೆಟ್ಟು. ನಮ್ಮ ಸಭೆಯಲ್ಲಿ ದೀಕ್ಷಾಸ್ನಾನವಾದ ಮೇಲೆ ಮನೆಯ ಹಿರಿಯರೊಬ್ಬರು ಮಗುವನ್ನು ಕೈಗೆತ್ತಿಕೊಂಡು ಪ್ರಾರ್ಥಿಸುತ್ತಾರೆ. ಆ ಪ್ರಾರ್ಥನೆಯನ್ನು ನಾನು ಮಗಳ ಮದುವೆಗೂ ಮುಂಚಿನಿಂದ ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದೆ. ದೀಕ್ಷಾಸ್ನಾನಕ್ಕೆ ಇನ್ನು ಕೆಲವೇ ವಾರಗಳಿದ್ದವು.

“ನಾನೇನು ತಪ್ಪು ಹೇಳಿದೆ ಅಂತ?”

“ಅವರನ್ನೇ ಕೇಳಿ. ಇವತ್ತು ಆ ಟೀಚರ್ ಇರೋ ಕಟ್ಟಡದಲ್ಲೇ ಕೆಲಸ ಅವರಿಗೆ.”

ಹೋದೆ. ಲಿಫ್ಟು ರಿಪೇರಿಯಲ್ಲಿದ್ದ ಕಾರಣ ಮೆಟ್ಟಿಲೇ ಗತಿ. ನಾನು ಐದನೇ ಮಹಡಿ ಮುಟ್ಟಿದಾಗ ನನ್ನ ಪ್ರಾಣ ಇನ್ನೂ ಮೂರನೆಯದರಲ್ಲಿ ಕೂತು ಸುಧಾರಿಸಿಕೊಳ್ಳುತ್ತಿತ್ತು. ಅಳಿಯ ಲಿಫ್ಟಿನ ಬಾಗಿಲು ಬಿಚ್ಚಿಟ್ಟು, ಒಳಗಿನ ಕತ್ತಲಿಗೆ ಟಾರ್ಚು ಹಿಡಿದು ನಿಂತಿದ್ದ. ನನ್ನನ್ನು ನೋಡಿ ಉಪಕರಣದ ಪೆಟ್ಟಿಗೆಯನ್ನು ಕೂರಲು ಸರಿಸಿಕೊಟ್ಟ. ಅದರ ಮೇಲೆ ಕೂತು ತಲೆ ಎತ್ತಿದರೆ ಎದುರು ಮನೆಯ ತೆರೆದ ಬಾಗಿಲು.

ಒಳಗೆ, ಕಿಟಕಿಯ ಪಕ್ಕದ ಗಾಲಿಕುರ್ಚಿಯಲ್ಲಿ ಒಬ್ಬ ಗಂಡಸು. ಕೊರಳಿಗೆ ಟವೆಲ್ಲು, ಕೆನ್ನೆಗೆ ಸೋಪಿನ ನೊರೆ. ಟೀಚರ್ ಅವನ ಗಲ್ಲ ಎತ್ತಿ ಹಿಡಿದು ಗಡ್ಡ ಹೆರೆಯುತ್ತಿದ್ದಳು. “ನಗ್ಬೇಡ, ಕುಯ್ದುಹೋಗುತ್ತೆ” ಎಂದಳು. ಅವನು ಅರ್ಧ ಬಾಯಲ್ಲೇ ಏನೋ ಹೇಳಿದ, ಮತ್ತೆ ಇಬ್ಬರೂ ನಕ್ಕರು. ಹೊಲಿಗೆ ಮೆಷಿನ್ನಿನ ಮೇಲೆ ಚುನಾವಣೆಯ ಕರಪತ್ರಗಳ ಕಟ್ಟು ಬಿಚ್ಚದೇ ಬಿದ್ದಿತ್ತು.

“ಅವರ ಗಂಡಾನಾ?” ಎಂದು ಪಿಸುಗುಟ್ಟಿದೆ.

ಅಳಿಯ ತನ್ನ ಮೂರನೇ ಭಾಷಣ ಶುರು ಮಾಡಿದ. “ಹೂಂ ಮಾವ. ಲಕ್ವ ಹೊಡೆದು ಬಹಳ ವರ್ಷ ಆಯ್ತು. ಲಿಫ್ಟ್ ಕೆಟ್ಟಾಗ ಟೀಚರೇ ಯಾರನ್ನಾದ್ರೂ ಸೇರಿಸ್ಕೊಂಡು ಕುರ್ಚಿ ಸಮೇತ ಎತ್ತಿ ಆಸ್ಪತ್ರೆಗೆ ಅಂತ ಇಳಿಸ್ತಾರೆ. ಒಂದು ಸಲ ಒಂದು ಕಡೆ ನಾನೂ ಹಿಡಿದಿದೀನಿ. ಮಕ್ಕಳು ಹಾಸ್ಟೆಲಲ್ಲಿ ಓದ್ತಿದಾರೆ.”

“ನನಗೆ ಗೊತ್ತಿರಲಿಲ್ಲ ಕಣಪ್ಪ.”

“ಗೊತ್ತಿಲ್ದೆ ದೇವರಿಗೆ ಹೇಳಿದ್ರಿ.”

ಆ ಐದನೇ ಮಹಡಿಯಿಂದ ಧುಮುಕಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಮದುವೆ ಎಂದರೆ ಸಾಯುವ ತನಕ ಎಂದು ಊರೂರಲ್ಲಿ ಸಾರಿದವನು ನಾನು. ಅದು ನೊರೆ ಹಚ್ಚಿಕೊಂಡು ಕಣ್ಣೆದುರು ಕೂತಿತ್ತು.

“ಆಯ್ತಪ್ಪ, ಮನೆಗೆ ಹೋಗಿ ಮನಸ್ಸಲ್ಲೇ ಕ್ಷಮೆ ಕೇಳ್ಕೋತೀನಿ.”

“ಹೇಳಿದ್ದು ಮನಸ್ಸಲ್ಲೇನಾ?”

“ಅಂದ್ರೆ?”

“ಎಲ್ಲೆಲ್ಲಿ ಹೇಳಿದ್ರೋ ಅಲ್ಲಲ್ಲೇ ಹೇಳಿ ಮಾವ. ಅಷ್ಟೇ ಜೋರಾಗಿ.” ಇಷ್ಟು ಹೇಳಿ, ವರ್ಷದ ಮಾತೆಲ್ಲ ಖರ್ಚಾಯಿತೆನ್ನುವ ಹಾಗೆ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಲಿಫ್ಟಿನ ಕತ್ತಲೊಳಗೆ ಬಗ್ಗಿದ.

ಬುಧವಾರ ಬಂತು. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತೆ. ಎಂದೂ ಮಾತಿಗೆ ಬರ ಕಂಡವನಲ್ಲ ನಾನು, ಅವತ್ತು ನಾಲಿಗೆ ಅಂಗುಳಕ್ಕೆ ಬೆಸುಗೆ ಹಾಕಿದಂತೆ ಅಂಟಿಕೊಂಡಿತು. ಮೊದಲು ಹವಾಮಾನವನ್ನು ಒಪ್ಪಿಸಿದೆ. ರೋಗಿಗಳನ್ನು ಒಪ್ಪಿಸಿದೆ. ಒಪ್ಪಿಸಲು ಇನ್ನು ಯಾವ ಕಾಯಿಲೆಯೂ ಉಳಿಯಲಿಲ್ಲವೆಂದಾಗ ವಿಷಯಕ್ಕೆ ಬರಲೇಬೇಕಾಯಿತು.

“ಕರ್ತನೇ, ಹೋದ ವಾರ ಇದೇ ಜಾಗದಲ್ಲಿ ನಿಂತು ನಾನು ನಿನಗೆ ಒಂದು ಸುಳ್ಳು ಸುದ್ದಿ ಕೊಟ್ಟೆ.”

“ಆಮೆನ್!” “ಸ್ತೋತ್ರ!” ಎಂದು ರೂಢಿಯಂತೆ ನಾಲ್ಕು ಕಡೆಯಿಂದ ಕೇಳಿಸಿತು. ನಾನು ಹೇಳಿದ್ದೇನೆಂಬುದು ಆಮೇಲೆ ಅವರ ತಲೆಗೆ ಇಳಿದಿರಬೇಕು. ಗೋಡೆಯ ಮೇಲಿನ ಹಲ್ಲಿಯೂ ಉಸಿರು ಬಿಗಿಹಿಡಿಯಿತು.

“ಆ ಟೀಚರ್ ಗಂಡನನ್ನು ಓಡಿಸಿಲ್ಲ, ಸಾಕುತ್ತಿದ್ದಾಳೆ. ನಾನೇ ಕಣ್ಣಾರೆ ನೋಡಿದೆ. ನನ್ನ ಮತ ಅವಳ ಪಕ್ಷಕ್ಕಿಲ್ಲ, ಅದು ನಿನಗೆ ಗೊತ್ತು. ಆದರೆ ನಾನು ಅವಳ ಮೇಲೆ ಹೊರಿಸಿದ್ದು ಸುಳ್ಳು. ನನ್ನನ್ನು ಕ್ಷಮಿಸು.”

ಈ ಸಲ ಆಮೆನ್ ಬರಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಸಭೆಯ ಖಜಾಂಚಿ ನನ್ನ ತೋಳು ಹಿಡಿದ.

“ಏನಣ್ಣ, ಪ್ರಾರ್ಥನೇಲಿ ರಾಜಕೀಯ ತರ್ತೀಯಲ್ಲ!”

“ಹೋದ ವಾರ ತಂದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದೋನು ನೀನೇ ಅಲ್ವೇನೋ?”

“ಅದು ಬೇರೆ. ಅದು ಪ್ರಾರ್ಥನಾ ವಿಷಯ.”

ಫೋನಿನ ಗುಂಪಿಗೂ ತಿದ್ದುಪಡಿ ಕಳಿಸಿದೆ. ಸುಳ್ಳು ಸುದ್ದಿ ಅಷ್ಟರಲ್ಲಿ ಭೂಮಿಯನ್ನು ಎರಡು ಸುತ್ತು ಹೊಡೆದು, ಬೇರೆ ಊರಿನ ಬೇರೆ ಹೆಂಗಸಿನ ಹೆಸರು ಹೊತ್ತು ನನಗೇ ವಾಪಸು ಬಂದಿತ್ತು. ತಿದ್ದುಪಡಿ ಮಾತ್ರ ಹೊಸಿಲು ದಾಟಲಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಅವರು ಸಾವಿನ ಸುದ್ದಿಗೂ ಸಕ್ಕರೆ ಬೆಲೆಗೂ ಅದನ್ನೇ ಹಾಕುವವರು.

ಮುಂದಿನ ಭಾನುವಾರ ಸಂಜೆ ನಾನು ಕುರ್ಚಿಗಳನ್ನು ಜೋಡಿಸಿ ಕಿಟಕಿಯ ಬಳಿ ಕೂತೆ. ಹೆಂಡತಿ ಅಡುಗೆಮನೆಯಿಂದಲೇ, “ಬರ್ತಾರೆ ಬಿಡ್ರೀ, ಕಿಟಕಿ ಕಂಬಿ ಸವೆಸ್ಬೇಡಿ” ಎಂದಳು. ಬಂದರು. ಬುಧವಾರದ್ದು ಅವರಿಗೆ ಹೇಗೋ ಮುಟ್ಟಿತ್ತು. ಮನೆಯಲ್ಲಿ ಹೇಳಿದ್ದನ್ನು ಮನೆಯಲ್ಲೇ ತಿದ್ದುವುದು ಇನ್ನೂ ಬಾಕಿ ಇತ್ತು. ಅದು ಸಭೆಯಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು, ಯಾಕೆಂದರೆ ಅಳಿಯನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಹೇಳಿ ಮುಗಿಸಿದೆ. ಬೇರೆ ಸುದ್ದಿ ಏನೂ ಸೇರಿಸಲಿಲ್ಲ. ಮಗಳು ಎದ್ದು ಒಳಗೆ ಹೋಗಿ, ಕಾಫಿ ಲೋಟ ತಂದು ಎಲ್ಲರಿಗಿಂತ ಮೊದಲು ನನ್ನ ಕೈಗಿಟ್ಟಳು.

“ದೀಕ್ಷಾಸ್ನಾನದ ದಿನ ನೀವೇ ಮಾಡಿ ಅಪ್ಪ. ಆದ್ರೆ ಒಂದು ಮಾತು. ಮಗು ಬಗ್ಗೆ ಮಾತ್ರ.”

ಚುನಾವಣೆಯಲ್ಲಿ ನನ್ನ ಓಟು ನನ್ನವನಿಗೇ ಹೋಯಿತು. ಅವನೇ ಗೆದ್ದ. ಅಳಿಯ ಬಂದು ನನ್ನ ಕೈ ಕುಲುಕಿದ. ಟೀಚರ್ ಸೋತಳು, ಮಾರನೆಯ ದಿನವೇ ಹೊಲಿಗೆ ಕ್ಲಾಸು ಶುರು ಮಾಡಿದಳಂತೆ.

ದೀಕ್ಷಾಸ್ನಾನದ ದಿನ ಪಾಸ್ಟರ್ ಒದ್ದೆ ನೆತ್ತಿಯ ಮೊಮ್ಮಗಳನ್ನು ನನ್ನ ಕೈಗಿಟ್ಟರು. ಸಭೆ ತುಂಬಿತ್ತು. ಖಜಾಂಚಿ ಗಡಿಯಾರ ನೋಡಿಕೊಂಡು ಕಂಬಕ್ಕೆ ಒರಗಿದ. ನಾನು ಕಣ್ಣು ಮುಚ್ಚಿದೆ.

“ಕರ್ತನೇ, ಈ ಮಗುವಿಗಾಗಿ ಸ್ತೋತ್ರ. ಹುಟ್ಟಿದ ದಿನದಿಂದ ಅಳು ಎಂದರೇನೆಂದು ಅರಿಯದ, ಸಂಜೆ ಮಲಗಿದರೆ ಬೆಳಗಿನ ತನಕ ಮಗ್ಗುಲನ್ನೂ ಬದಲಿಸದ…”

“ಮಾವ,” ಎಂದ ಅಳಿಯ, ಮೆಲ್ಲಗೆ.

“ತಿದ್ದುಪಡಿ, ಕರ್ತನೇ,” ಎಂದೆ. “ಅಳುತ್ತಾಳೆ. ಮನೆಯಲ್ಲಿ ಯಾರೂ ಮಲಗಿ ತಿಂಗಳುಗಳಾದವು. ಆದರೂ ನಮಗೆ ಇವಳೇ ಬೇಕು. ಇವಳನ್ನು ಕಾಪಾಡು.”

ಅಷ್ಟರಲ್ಲಿ ಮಗು ಕೆಂಪಗಾಗಿ, ಛಾವಣಿಯ ಹೆಂಚು ಹಾರುವ ಹಾಗೆ, ನನ್ನ ಹೇಳಿಕೆಗೆ ಸಾಕ್ಷಿ ನುಡಿಯಲು ಶುರುಮಾಡಿತು. ಆ ಗದ್ದಲದಲ್ಲಿ ಆಮೆನ್ ಎಂದವನು ಅಳಿಯ. ಅಷ್ಟು ಜೋರಾಗಿ ಅವನು ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.